ತಾರಸಿ ಮೇಲಿನ ಕಂಬಿಗಳು

ಫೆಬ್ರವರಿ 2, ಭಾನುವಾರ

ನಾಗಮಂಗಲದವರು ಮನೆ ನೋಡಿಕೊಂಡು ಹೋದರು. ಮೊಮ್ಮಗ ಶ್ರೀನಾಥನಿಗೆ ಹೆಣ್ಣು ಕೊಡುವವರು. ಹೆಣ್ಣನ್ನ ನಾವು ಹೋದ ತಿಂಗಳೇ ನೋಡಿ ಬಂದೆವು. ಮೇಘನ ಅಂತ ಹೆಸರು. ಲಕ್ಷಣವಾಗಿದ್ದಾಳೆ, ಮಾತು ಕಮ್ಮಿ. ಈ ಮನೆಗೆ ಅಂಥವಳೇ ಸರಿ, ಮಾತಾಡೋಕೆ ನಾನಿದ್ದೀನಲ್ಲ.

ಹುಡುಗಿಗೆ ಅಪ್ಪ ಇಲ್ಲ. ಎಲ್ಲದಕ್ಕೂ ಸೋದರಮಾವ ಲಿಂಗಾಚಾರಿಯೇ ಮುಂದು. ಹಿತ್ತಾಳೆ ಕೆಲಸದವನು, ಕಂಡಿದ್ದನ್ನೆಲ್ಲ ಬೆರಳಲ್ಲಿ ತಟ್ಟಿ ನೋಡೋ ಚಾಳಿ. ನಮ್ಮ ಬಾಗಿಲನ್ನೂ ತಟ್ಟಿದ. ತಟ್ಟಲಿ. ನಮ್ಮ ಯಜಮಾನರು ಕಾಳಪ್ಪಾಚಾರಿ ಕೈಯಾರೆ ಮಾಡಿದ ಸಾಗುವಾನಿ ಬಾಗಿಲು ಅದು, ಎರಡು ಕಡೆ ಆನೆ, ನಡುವೆ ಲಕ್ಷ್ಮಿ. ಅವರು ಹೋಗಿ ನಾಲ್ಕು ವರ್ಷ ಆಯ್ತು, ಪಾಲಹಳ್ಳಿ ಜನ ಇವತ್ತಿಗೂ ಆನೆಬಾಗಿಲ ಮನೆ ಅಂತಲೇ ಅನ್ನೋದು.

ಆಮೇಲೆ ತಾರಸಿಗೆ ಕರಕೊಂಡು ಹೋದೆ. ನಾಲ್ಕು ಮೂಲೆಯಲ್ಲೂ ಕಂಬಿ ನಿಂತಿವೆ, ಮನೆ ಕಟ್ಟಿದಾಗಿನಿಂದ. ಮುಂದೆ ಮಹಡಿ ಎತ್ತೋಕೆ ಅಂತ ಬಿಟ್ಟ ಕಂಬಿ. ಎರಡಕ್ಕೆ ಬಟ್ಟೆ ಹಗ್ಗ ಕಟ್ಟಿದ್ದೀನಿ, ಒಂದಕ್ಕೆ ದೃಷ್ಟಿಗೆ ಅಂತ ಹಳೇ ಮಡಕೆ ಬೋರಲು ಹಾಕಿದ್ದೀನಿ. ಲಿಂಗಾಚಾರಿ ತಲೆ ಎತ್ತಿ ನೋಡಿದ.

"ಯಜಮಾನ್ರು ದೂರದ ಯೋಚ್ನೆ ಮಾಡವ್ರೆ ಕಣಮ್ಮ."

"ಯೋಚ್ನೆ ನಂದು. ಅವ್ರು ಊ ಅಂದ್ರು ಅಷ್ಟೇ," ಅಂದೆ.

ಅಲ್ಲೇ ಮಾತಾಯ್ತು. ಮೇಲೆ ಹೊಸ ಜೋಡಿಗೆ ಮನೆ, ಬೇರೆ ಒಲೆ, ಓಡಾಡೋಕೆ ಇದೇ ಬಾಗಿಲು. ನನಗೂ ಬೇಕಾಗಿದ್ದು ಅದೇ. ಶ್ರೀನಾಥ ಶ್ರೀರಂಗಪಟ್ಟಣದಲ್ಲಿ ಅಂಗಡಿ ಇಟ್ಟಿದ್ದಾನೆ, ಪ್ಲೈವುಡ್ಡಿನ ಅಡಿಗೆಮನೆ ಮಾಡಿಕೊಡೋದು. ಅಲ್ಲೇ ಬಾಡಿಗೆ ಮನೆ ಹಿಡಿದುಬಿಟ್ಟರೆ ಹಬ್ಬಕ್ಕೆ ಬರೋ ನೆಂಟನಾಗಿಬಿಡ್ತಾನೆ. ಮಹಡಿ ಎದ್ದರೆ ನನ್ನ ತಲೆ ಮೇಲೇ ಓಡಾಡಿಕೊಂಡು ಇರ್ತಾನೆ.

ಇಳಿಯುವಾಗ ಲಿಂಗಾಚಾರಿ ನಮ್ಮ ವೀಣನನ್ನ ಕೇಳಿದ. ವೀಣ ಶ್ರೀನಾಥನ ತಂಗಿ, ಮೈಸೂರಲ್ಲಿ ಇಂಜಿನಿಯರು. ದಿನಾ ಬಸ್ಸಲ್ಲಿ ಹೋಗಿ ಬರ್ತಾಳೆ. ಒಂದು ಕಟ್ಟಡ ಬೀಳದ ಹಾಗೆ ನಿಲ್ಲಬೇಕಾದರೆ ಎಷ್ಟು ಕಂಬಿ, ಎಷ್ಟು ಆಳ ಅಂತ ಲೆಕ್ಕ ಹಾಕೋ ಕೆಲಸ ಅವಳದು.

"ಏನವ್ವ, ಹೆಣ್ಮಗ ಆಗಿ ಧೂಳು ಬಿಸ್ಲಲ್ಲಿ ನಿಲ್ಲೋ ಕೆಲ್ಸ ಯಾಕ್ ಹಿಡ್ದೆ?"

ಅವಳು ಬಾಯಿ ತೆಗೆಯೋಕೆ ಮುಂಚೆ ನಾನೇ ಹೇಳಿದೆ. "ರಕ್ತ ಕಣಪ್ಪ. ತಾತನ ಕೈ ಬಂದದೆ. ತಾತ ಮರದಲ್ಲಿ ಮಾಡಿದ್ದನ್ನ ಇವ್ಳು ಕಬ್ಣದಲ್ಲಿ ಮಾಡ್ತಾಳೆ."

ಎಲ್ಲ ನಕ್ಕರು. ವೀಣ ನಗಲಿಲ್ಲ. ಮೆಟ್ಟಿಲ ಮೇಲೆ ನಿಂತು ಹಿಂದಕ್ಕೆ ತಿರುಗಿ ಕಂಬಿ ಕಡೆ ನೋಡುತ್ತಿದ್ದಳು. ಈ ಕಾಲದ ಹುಡುಗಿಯರಿಗೆ ನಗೋಕೂ ಸಂಬಳ ಕೊಡಬೇಕು.

ಫೆಬ್ರವರಿ 9, ಭಾನುವಾರ

ಬೆಳಿಗ್ಗೆ ನಾನೇ ವೀಣನನ್ನ ಕರೆದು, "ನಿಮ್ಮಣ್ಣನ ಮಹಡಿಗೆ ಪ್ಲಾನ್ ಬರಿ," ಅಂದೆ. ಅವಳು ಮನೆ ಸುತ್ತ ಒಂದು ಸುತ್ತು ಬಂದಳು. ಅಡಿಗೆಮನೆ ಗೋಡೆ ಬುಡದಲ್ಲಿ ಕೂತು ನೋಡಿದಳು. ಆಮೇಲೆ ಬಂದು ನನ್ನ ಪಕ್ಕ ಕೂತಳು.

"ಅಜ್ಜಿ, ಮೇಲೆ ಕಟ್ಟಕ್ಕಾಗಲ್ಲ."

"ಯಾಕಾಗಲ್ಲ?"

"ಮಣ್ಣಿನ ಗಾರೆ ಗೋಡೆ, ಹೊರಲ್ಲ. ಪಾಯ ಗದ್ದೆ ಮಣ್ಣಿನ ಮೇಲೆ ಕೂತದೆ. ನಾಲೇಲಿ ನೀರು ಬುಟ್ಟಾಗೆಲ್ಲ ಅಡಿಗೆಮನೆ ನೆಲ ಒಸರಲ್ವಾ?"

"ಗೋಡೆ ಯಾಕ್ ಹೊರ್ಬೇಕು? ಪಿಲ್ಲರ್ ಹೊರ್ತವೆ. ಮೇಲೆ ಕಂಬಿ ನಿಂತಿರೋದು ನಿನ್ ಕಣ್ಗೆ ಕಾಣ್ದಾ?"

ಅವಳು ಕೈ ನೋಡಿಕೊಂಡಳು. "ಕಂಬಿ ವಿಷ್ಯ ಬುಡು ಅಜ್ಜಿ. ಆಗಲ್ಲ ಅಂದ್ರೆ ಆಗಲ್ಲ."

ನನಗೆ ಮೈಯೆಲ್ಲ ಉರಿದುಹೋಯ್ತು. ಇವಳಿಗೆ ಟೀಚರ್ ಕೆಲಸ ಸಾಕು ಅಂತ ಮನೆಯವರೆಲ್ಲ ಅಂದಾಗ, ಇಂಜಿನಿಯರಿಂಗೇ ಓದಲಿ ಅಂದವಳು ನಾನು. ನಮ್ಮ ಮಹಡಿಗೆ ನಮ್ಮ ಹುಡುಗಿಯೇ ಗೆರೆ ಹಾಕಲಿ ಅಂತ. ಓದಿ ಬಂದು ಮೊದಲು ತಡೆದಿದ್ದು ನಮ್ಮ ಮನೆಯನ್ನೇ.

"ಊರೋರ ಮನೆಗೆಲ್ಲ ಆಗ್ತದೆ. ಅಣ್ಣನ ಸಂಸಾರ ಮೇಲೇಳ್ತದೆ ಅಂದ್ರೆ ಆಗಲ್ಲ," ಅಂದೆ.

ಅವಳ ಕಣ್ಣು ತುಂಬಿತು. ನಾನು ನೋಡದ ಹಾಗೆ ಅಕ್ಕಿ ಆರಿಸಿದೆ. ನನ್ನ ಮಗ ಜಗುಲಿ ಮೇಲೆ ಪೇಪರಿನ ಹಿಂದೆ ಅಡಗಿ ಕೂತಿದ್ದ. ಅವನು ಅವರಪ್ಪನ ಥರ. ಮಾತು ಬಂದರೆ ಮರೆ ಹುಡುಕ್ತಾನೆ.

ಫೆಬ್ರವರಿ 12, ಬುಧವಾರ

ವೀಣನ ಹತ್ತಿರ ಮಾತು ಬಿಟ್ಟಿದ್ದೀನಿ. ಸಾರಿಗೆ ಉಪ್ಪು ಕಮ್ಮಿ ಅಂತ ಸೊಸೆ ಕೈಲಿ ಹೇಳಿ ಕಳಿಸಿದಳು. ಇನ್ನೊಂದು ಚಿಟಿಕೆ ಹಾಕಿದರೆ ಪಾತ್ರೆ ಹೊರಲ್ಲ ಅಂತ ಹೇಳು ಅಂದೆ.

ಈ ಡೈರಿಯೂ ಅವಳೇ ಕೊಟ್ಟಿದ್ದು. ಸಿಮೆಂಟಿನವರು ಹೊಸ ವರ್ಷಕ್ಕೆ ಅವಳಿಗೆ ಕೊಡ್ತಾರೆ, ಅವಳು ನನಗೆ. ನಾಲ್ಕನೇ ಕ್ಲಾಸು ಓದಿದ್ದು ಇದಕ್ಕಾದರೂ ಬಂತು. ಇದು ತಿರುಗಿ ಮಾತಾಡಲ್ಲ.

ಫೆಬ್ರವರಿ 16, ಭಾನುವಾರ

ಪಾಂಡವಪುರದಿಂದ ಕುಮಾರ ಅನ್ನೋ ಕಂಟ್ರಾಕ್ಟರನ್ನ ಕರೆಸಿದೆ. ರಸ್ತೆಯಲ್ಲಿ ನಿಂತೇ ಕಂಬಿ ನೋಡಿ, "ಧಾರಾಳವಾಗಿ ಎತ್ಬೋದು ಅಜ್ಜಿ, ಶ್ರಾವಣದ ಹೊತ್ಗೆ ಗೃಹಪ್ರವೇಶ," ಅಂದ. ಎಷ್ಟು ಚೆನ್ನಾಗಿ ಮಾತಾಡಿದ. ನೀನು ಯಾಕಪ್ಪ ಈ ಕೆಲಸಕ್ಕೆ ಬಂದೆ ಅಂದೆ. ಅಪ್ಪ ಕಬ್ಬು ಹಾಕು ಅಂದ್ರು, ಕಬ್ಬಿಗಿಂತ ಮನೆ ಬೇಗ ಬೆಳೀತದೆ ಅಂದ. ನಕ್ಕುಬಿಟ್ಟೆ. ವೀಣನಿಗೆ ಕೇಳಿಸಲಿ ಅಂತ ಸ್ವಲ್ಪ ಜೋರಾಗೇ ನಕ್ಕೆ.

ಅವಳು ಒಳಗಿಂದ ಚಾಣ, ಸುತ್ತಿಗೆ ಹಿಡಿದು ಬಂದಳು.

"ಕುಮಾರಣ್ಣ, ಕಟ್ಟೋಕ್ ಮುಂಚೆ ಕಂಬಿ ಬುಡ ಒಡ್ದು ನೋಡವಾ?"

"ಯಾಕ್ ಬುಡವ್ವ, ಅಜ್ಜಿ ಬೇಜಾರ್ ಮಾಡ್ಕತಾರೆ."

"ನಾನ್ ಯಾಕ್ಲಾ ಬೇಜಾರ್ ಮಾಡ್ಕಳ್ಳಿ," ಅಂದೆ. "ಒಡೀಲಿ. ಅವ್ಳ ಅನುಮಾನವೂ ಒಡ್ದೋಗ್ಲಿ."

ಎಲ್ಲರೂ ತಾರಸಿಗೆ ಹೋದೆವು. ಮಡಕೆ ಇರೋ ಮೂಲೆಯಲ್ಲಿ ಕಂಬಿ ಬುಡಕ್ಕೆ ಸಿಮೆಂಟಿನ ಗಡ್ಡೆ ಇದೆ. ವೀಣ ಅದನ್ನ ಒಡೆದಳು. ನಿಧಾನಕ್ಕೆ, ಹಲ್ಲು ಕೀಳುವವರ ಹಾಗೆ. ಗಡ್ಡೆ ಎರಡು ಹೋಳಾಯ್ತು. ಒಳಗೆ ಕಂಬಿ ಕಾಲು ಮಡಚಿಕೊಂಡು ಕೂತಿತ್ತು, ತಾರಸಿ ಮೇಲೇ. ಅದರ ಕೆಳಗೆ ಏನೂ ಇಲ್ಲ. ಬರೀ ತಾರಸಿ. ವೀಣ ಒಂದು ಕೈಲಿ ಹಿಡಿದು ಎತ್ತಿದಳು, ಬಂದುಬಿಡ್ತು. ಮಡಕೆ ಬಿದ್ದು ಒಡೆಯಿತು.

"ಉಳ್ದವನ್ನೂ ಒಡಿ," ಅಂದೆ. ಒಡೆದಳು. ನಾಲ್ಕೂ ಅಂಗೇ.

ಕುಮಾರ ಚಪ್ಪಲಿ ಹುಡುಕಿಕೊಂಡ. "ಇದು ನೋಡೋಕ್ ಮಾತ್ರ ನಿಲ್ಸಿರೋದು ಅಜ್ಜಿ," ಅಂತ ಅಂದು ಹೊರಟುಹೋದ. ಕಾಫಿ ಕುಡಿಯಲಿಲ್ಲ.

ಮನೆ ಕಟ್ಟಿದ್ದು ಗಂಜಾಂನ ಶಹಾಬುದ್ದೀನ್ ಮೇಸ್ತ್ರಿ. ತಿಂಗಳುಗಟ್ಟಲೆ ನನ್ನ ಕೈ ಮುದ್ದೆ ತಿಂದವನು. ಅವನ ಕೈ ಹಿಡಿದು ಕೇಳ್ತೀನಿ.

ಫೆಬ್ರವರಿ 18, ಮಂಗಳವಾರ

ಗಂಜಾಂಗೆ ಹೋಗಿದ್ದೆ. ಯಾರನ್ನೂ ಕರಕೊಂಡು ಹೋಗಲಿಲ್ಲ.

ಮೇಸ್ತ್ರಿ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿದೆ, ಮಂಡಿ ಹೋಗಿದೆಯಂತೆ. ನನ್ನ ನೋಡಿ ಏಳೋಕೆ ಹೋದ.

"ಬನ್ನಿ ಅಕ್ಕ, ಕೂತ್ಕಳಿ."

"ಕೂರಕ್ ಬಂದಿಲ್ಲ. ನನ್ ಮನೆ ಕಂಬಿಗೆ ಕಾಲಿಲ್ಲ. ನಿನ್ ಕಾಲ್ ಎಂಗದೆ ಅಂತ ನೋಡ್ಕ ಹೋಗವಾ ಅಂತ ಬಂದೆ."

ಒಳಗಿಂದ ಅವನ ಹೆಂಡತಿ ಅಸ್ಗರಿ ಬೇಗಂ ನಕ್ಕಿದ್ದು ಕೇಳಿಸಿತು. "ಅಕ್ಕ ಯಾವತ್ ಬತ್ತಾರೋ ಅಂತ ಮನೆ ಮುಗ್ದ ದಿನದಿಂದ ಹೆದರ್ಕೊಂಡೇ ಅವ್ರೆ ಇವ್ರು," ಅನ್ನುತ್ತಾ ಚಹಾ ತಂದಳು.

"ಬೈರಿ ಅಕ್ಕ, ಬೈಸ್ಕೊತೀನಿ," ಅಂದ ಮೇಸ್ತ್ರಿ. "ಖುದಾ ಕಸಂ, ನಾನು ಬೇಡ ಅಂದೆ. ಪಿಲ್ಲರ್‌ಗೆ ಅಂತ ಇಟ್ಟಿದ್ ದುಡ್ಡೆಲ್ಲ ಬಾಗ್ಲ ಸಾಗುವಾನಿಗೆ ಹೋಗಿತ್ತು. ಆಚಾರಿ ಮನೆ ಬಾಗ್ಲು ನೋಡಿ ನಾಲ್ಕ್ ಜನ ಕೆಲ್ಸ ಕೊಡ್ಬೇಕು ಮೇಸ್ತ್ರಿ ಅಂತ ಕಾಳಪ್ಪಣ್ಣ ಅಂದ್ರು. ಪಿಲ್ಲರ್ ಬುಟ್ಬುಟ್ವು. ಒಂದೇ ಅಂತಸ್ತಿಗೆ ಗೋಡೆ ಸಾಕು, ತಪ್ಪೇನಿಲ್ಲ. ತಾರಸಿ ಹಾಕಿದ್ ದಿನ ನೀವ್ ಬಂದ್ರಿ. ಮೇಲೆ ನೋಡಿ, ಕಂಬಿ ಎಲ್ಲಿ ಅಂದ್ರಿ. ಮಹಡಿ ಏಳ್ದಿರೋ ಮನೆಗೆ ಬಲಗಾಲ್ ಇರ್ಲಿ, ಎಡಗಾಲೂ ಇಡಲ್ಲ, ಕೆ.ಆರ್. ಪೇಟೆಗೆ ತವರಿಗೆ ಹೋಯ್ತೀನಿ ಅಂದ್ರಿ. ನಮ್ ಕೂಲಿಯೋರೆಲ್ಲ ಬಾಂಡ್ಲಿ ಇಟ್ಟು ಆಚೆ ಹೋದ್ರು."

ಅಂದಿದ್ದೆನಂತೆ. ಕೋಪದಲ್ಲಿ ಮನುಷ್ಯರು ಏನೋ ಅಂತಾರೆ.

"ಮಾರನೇ ದಿನ ಕಾಳಪ್ಪಣ್ಣ ಬಂದು, ಮೇಸ್ತ್ರಿ, ನಾಲ್ಕ್ ಮೂಲೇಲಿ ಕಂಬಿ ನಿಲ್ಸಿಬುಡು, ಅವ್ಳು ನೋಡ್ಕಂಡು ಒಳಕ್ಕೆ ಬರ್ಲಿ, ಆಮೇಲೆ ನಿಧಾನಕ್ಕೆ ನಾನೇ ಹೇಳ್ತೀನಿ ಅಂದ್ರು."

ಚಹಾ ಲೋಟ ಕೆಳಗಿಟ್ಟೆ.

"ಹೇಳ್ಲಿಲ್ವಾ ಅಕ್ಕ?"

ಹೇಳಿದ್ದರೆ ನಾನು ಗಂಜಾಂಗೆ ಯಾಕೆ ಬರ್ತಿದ್ದೆ.

ಏಳುವಾಗ ಅವನು ಇನ್ನೊಂದು ಮಾತು ಅಂದ. "ನಿಮ್ ಮೊಮ್ಮಗಳು ಹೇಳಿರ್ತಾಳೆ ಅನ್ಕೊಂಡಿದ್ದೆ. ಹತ್ತನೇ ಕ್ಲಾಸಲ್ಲಿ ಸೈಕಲ್ ತುಳ್ಕಂಡು ಬಂದು, ಮೇಸ್ತ್ರಿ ತಾತ, ಆ ಕಂಬಿ ಎಲ್ಲೀಗಂಟ ಹೋಗದೆ ಅಂತ ಕೇಳಿದ್ಲು. ಮಗು ಕಣ್ಣಲ್ಲಿ ಕಣ್ಣಿಟ್ಟು ಕೇಳ್ತು. ಸುಳ್ ಹೇಳಕ್ ಆಗ್ಲಿಲ್ಲ."

ಬಸ್ಸು ನಿಮಿಷಾಂಬ ಗುಡಿ ದಾರಿಯಲ್ಲೇ ಸಿಕ್ಕಿತು. ಇಷ್ಟು ವರ್ಷದಲ್ಲಿ ಮೊದಲನೇ ಸಲ ಕೈ ಮುಗಿಯದೆ ಹತ್ತಿದೆ.

ಫೆಬ್ರವರಿ 19, ಬುಧವಾರ

ಯಜಮಾನರ ಫೋಟೋಗೆ ಹೂ ಹಾಕಲಿಲ್ಲ. ಸೊಸೆ ಹಾಕೋಕೆ ಬಂದಳು. ಬೇಡ ಅಂದೆ.

ಫೆಬ್ರವರಿ 21, ಶುಕ್ರವಾರ

ಪ್ರತಿ ಯುಗಾದಿಗೂ ಕೇಳುತ್ತಿದ್ದೆ. ಈ ವರ್ಷ ಎತ್ತೋಣವಾ ಅಂತ. "ಮುಂದಿನ್ ವರ್ಷ ಕಣೆ, ಜಯಾ," ಅನ್ನೋರು. ಜಯಾ ಅನ್ನೋದು ಸುಳ್ಳಿಗೆ ಬೆಲ್ಲ. ಮಿಕ್ಕ ದಿನ ನಾನು ಏ ಇವ್ಳೇ.

ಮಳೆಗಾಲಕ್ಕೆ ಮುಂಚೆ ತಾರಸಿಗೆ ಹತ್ತಿ ಕಂಬಿಗೆ ಸಿಮೆಂಟು ಹಾಲು ಬಳಿಯೋರು, ತುಕ್ಕು ಹಿಡಿಯದ ಹಾಗೆ. ಅದೂ ಪ್ರತಿ ವರ್ಷ. ಏನು ಶ್ರದ್ಧೆ. ಬಾಗಿಲಿಗೆ ಎಣ್ಣೆ ಹಚ್ಚುವಾಗಲೂ ಅಷ್ಟು ಶ್ರದ್ಧೆ ಇರಲಿಲ್ಲ. ನಾನು ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದೆ. ಬಿದ್ದುಗಿದ್ದು ಹೋಗ್ತಾರೆ ಅಂತ ಎರಡು ಕೈಲಿ ಹಿಡಿಯುತ್ತಿದ್ದೆ. ಮೇಲಿಂದ ನನ್ನ ತಲೆ ನೋಡಿಕೊಂಡು ಏನಂದುಕೊಂಡಿದ್ದರೋ.

ಹೆಂಡ ಕುಡಿದು ಬಂದವನ ಹೆಂಡತಿಗೆ ಬಾಯಿ ಮಾಡೋಕಾದರೂ ಒಂದು ದಿಕ್ಕು. ನನ್ನ ಗಂಡ ಕುಡಿಯಲಿಲ್ಲ, ಹೊಡೆಯಲಿಲ್ಲ, ಯಾರ ಮುಂದೂ ನನ್ನ ಬಿಟ್ಟುಕೊಡಲಿಲ್ಲ. ನಾಲ್ಕು ಕಂಬಿ ನಿಲ್ಲಿಸಿ ನನ್ನ ಒಳಗೆ ಕರಕೊಂಡರು. ನಾನು ಬಲಗಾಲಿಟ್ಟೇ ಬಂದೆ. ಈಗ ಯಾರ ಹತ್ತಿರ ಹೋಗಿ ಜಗಳ ಆಡಲಿ? ಫೋಟೋದಲ್ಲೂ ನೇರವಾಗಿ ನೋಡ್ತಿಲ್ಲ ಆ ಮನುಷ್ಯ. ಸ್ವಲ್ಪ ಪಕ್ಕಕ್ಕೆ ನೋಡ್ತಿದ್ದಾರೆ. ಇವತ್ತೇ ಗಮನಿಸಿದ್ದು.

ಫೆಬ್ರವರಿ 23, ಭಾನುವಾರ

ಸೊಪ್ಪು ಬಿಡಿಸುತ್ತಿದ್ದೆ. ವೀಣ ಬಂದು ಎದುರಿಗೆ ಕೂತು ತಾನೂ ಬಿಡಿಸೋಕೆ ಶುರು ಮಾಡಿದಳು. ನಾನೇ ಮಾತು ತೆಗೆದೆ. ಸೊಪ್ಪು ಹಾಳು ಮಾಡ್ತಿದ್ದಳು, ಅದಕ್ಕೆ.

"ಗಂಜಾಂಗೆ ಹೋಗಿದ್ದೆ."

"ಗೊತ್ತು. ಮೇಸ್ತ್ರಿ ತಾತ ಫೋನ್ ಮಾಡಿದ್ರು."

"ನಿಂಗ್ ಯಾವಾಗಿಂದ ಗೊತ್ತಿತ್ತು?"

"ಆರನೇ ಕ್ಲಾಸಿಂದ ಅನುಮಾನ. ನೀನು ಸಂಡಿಗೆ ಒಣಗಾಕಿ ಕಾಗೆ ಓಡ್ಸಕ್ಕೆ ನನ್ನ ಮೇಲೆ ಕೂರ್ಸಿದ್ದೆ. ಕಂಬಿ ಹಿಡ್ಕಂಡು ಸುತ್ತು ಸುತ್ತುತಿದ್ದೆ. ಅಲ್ಲಾಡ್ತು. ತಾತನ್ನ ಕೇಳ್ದೆ, ಇದು ಕೆಳಗೆ ಎಲ್ಲೀಗಂಟ ಹೋಗದೆ ಅಂತ. ಪಾತಾಳಕ್ಕೆ ಹೋಗದೆ ಮಗ ಅಂತು. ಪಾತಾಳಕ್ಕೆ ಹೋಗಿದ್ರೆ ಅಲ್ಲಾಡ್ಬಾರ್ದಲ್ಲ ಅಜ್ಜಿ."

ನಾನು ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದೆ.

"ಆಮೇಲೆ ಯಾವ ಮನೆ ನೋಡಿದ್ರೂ ಅದೇ ಆಗೋಯ್ತು. ಇಸ್ಕೂಲಲ್ಲಿ ಕಂಬ ನೋಡಿದ್ರೆ, ಇದು ಒಳಗೆ ಅದೆಯಾ, ಬರೀ ನಿಂತದೆಯಾ ಅಂತ. ಕೇಳಿದ್ರೆ ಯಾರೂ ಸರಿಯಾಗಿ ಹೇಳೋರಲ್ಲ, ನಗೋರು. ಮೇಸ್ತ್ರಿ ತಾತ ಒಬ್ರೇ ಹೇಳಿದ್ದು. ಅವತ್ತೇ ಇದನ್ನ ಓದ್ಬೇಕು ಅನ್ನಿಸ್ತು. ಯಾರನ್ನೂ ಕೇಳ್ದೆ ನಂಗೇ ಗೊತ್ತಾಗ್ಬೇಕು ಅಂತ."

"ತಾತನ ಕೈ ಬಂದದೆ ಅಂತ ಊರಿಗೆಲ್ಲ ಹೇಳ್ಕಂಡು ತಿರುಗ್ದೆನಲ್ಲೇ ನಾನು."

"ತಾತನ್ನ ನಂಬ್ದೆ ಓದ್ದೆ ಅಂತ ನಾನೆಂಗ್ ಹೇಳ್ಲಿ?"

ಅವಳ ಕೈಲಿದ್ದ ಸೊಪ್ಪು ಕಿತ್ತುಕೊಂಡೆ.

"ನಂಗ್ ಹೇಳ್ಬೋದಾಗಿತ್ತು," ಅಂದೆ.

"ತಾತ ಬೇಡ ಅಂತು. ಕಾಯಿಲೆ ಬಿದ್ದಾಗ್ಲೂ ಕೈ ಹಿಡ್ಕಂಡು, ಅವ್ಳಿಗೆ ಹೇಳ್ಬೇಡ ಮಗ ಅಂತು. ಅಜ್ಜಿ, ಹೇಳಿದ್ರೆ ನೀನ್ ಏನ್ ಮಾಡ್ತಿದ್ದೆ?"

"ಏನ್ ಮಾಡ್ತಿದ್ದೆ. ಬೈತಿದ್ದೆ."

"ಅದ್ಕೇ."

ಎದ್ದು ಒಳಗೆ ಬಂದೆ. ಗಂಡ ಸುಳ್ಳು ಹೇಳಿದರು, ಮೇಸ್ತ್ರಿ ಸುಳ್ಳು ಕಟ್ಟಿದ, ಮೊಮ್ಮಗಳು ಸುಳ್ಳಿಗೆ ಕಾವಲು ಕೂತಳು. ಎಲ್ಲರನ್ನೂ ಕೇಳಿದರೆ ತಪ್ಪು ಮಾತ್ರ ನನ್ನ ನಾಲಿಗೇದಂತೆ. ಮಧ್ಯಾಹ್ನ ಊಟಕ್ಕೆ ಯಾರನ್ನೂ ಬೈಯಲಿಲ್ಲ. ಹುಷಾರಿಲ್ವಾ ಅತ್ತೆ ಅಂತ ಸೊಸೆ ಹಣೆ ಮುಟ್ಟಿ ನೋಡಿದಳು.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಉಪವಾಸ. ಮಾತೂ ಉಪವಾಸ.

ಅಡಿಗೆಮನೆ ಮೂಲೆಯಲ್ಲಿ ಒಂದು ಬಿರುಕಿದೆ. ಸುಣ್ಣದ ಗೀರು ಅಂದುಕೊಂಡಿದ್ದೆ. ಅದು ಇಟ್ಟಿಗೆ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದೆ. ತುದಿಗೆ ಪೆನ್ಸಿಲಲ್ಲಿ ಗೆರೆ ಹಾಕಿ ತಾರೀಖು ಬರೆದಿದ್ದೀನಿ, ದಾಟುತ್ತಾ ನೋಡೋಣ. ಎದುರು ಮನೆ ಚಲುವರಾಜು ಹೊಸದಾಗಿ ಮಹಡಿ ಎತ್ತಿಸ್ತಿದ್ದಾನೆ. ನಿನ್ನ ಪಿಲ್ಲರ್ ಕೆಳಗಿಂದ ಬಂದವೆಯೋ, ಮೇಲೆ ಕೂತವೆಯೋ ಅಂತ ಕೇಳಿದೆ. ಅಜ್ಜಿಗೆ ಉಪವಾಸ ತಲೆಗೇರಿದೆ ಅಂದ. ಹೋಗಿ ನೋಡ್ಕೋ ಅಂದೆ.

ಮಾರ್ಚ್ 2, ಭಾನುವಾರ

ನಾಗಮಂಗಲಕ್ಕೆ ಹೋಗಿ ಹೇಳಿ ಬರಲೇಬೇಕಿತ್ತು. ಹೊರಡುವಾಗ ನನ್ನ ಮಗ ಒಂದು ಉಪಾಯ ತೆಗೆದ.

"ಅವ್ವ, ಈ ವರ್ಷ ಮನೆ ಅಳತೆಗೆ ಆಯ ಕೂಡ್ಬರ್ತಿಲ್ಲ, ಮುಂದಿನ್ ವರ್ಷ ಎತ್ತುವಾ ಅನ್ನು. ಅವ್ರೂ ನಮ್ ಜನವೇ. ಆಯ ಅಂದ್ರೆ ಮರುಮಾತಾಡಲ್ಲ. ಮದ್ವೆ ಆಗೋಗ್ಲಿ, ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು."

ನಿಧಾನಕ್ಕೆ. ಅದೇ ಮಾತು, ಅದೇ ಗಂಟಲು.

"ಇನ್ನೊಂದ್ ಕಂಬಿ ನೆಡ್ಬೇಡ ಕಣ್ಲಾ," ಅಂದೆ. "ಆ ಹುಡ್ಗಿ ಯಾವ ಕಾಲಿಟ್ಟು ಬರ್ಬೇಕೋ ತಿಳ್ಕಂಡು ಬರ್ಲಿ."

ಅಲ್ಲಿ ಲಿಂಗಾಚಾರಿ ಎಲೆ ಅಡಿಕೆ ತಟ್ಟೆ ಮುಂದಿಟ್ಟ. ನಾನು ಮುಟ್ಟಲಿಲ್ಲ. "ಮಹಡಿ ಇಲ್ಲ ಕಣಪ್ಪ. ಏಳಲ್ಲ. ಇವತ್ತೂ ಏಳಲ್ಲ, ಮುಂದಕ್ಕೂ ಏಳಲ್ಲ. ಕಂಬಿಗೆ ಬುಡವೇ ಇಲ್ಲ," ಅಂದೆ.

"ನಾನೇ ಕಣ್ಣಾರ ನೋಡಿದ್ನಲ್ಲಮ್ಮ ಕಂಬಿಯ."

"ನಾನೂ ದಿನಾ ನೋಡ್ತಿದ್ದೆ. ಅದಕ್ಕೇ ಸೀರೆ ಒಣಗಾಕ್ತಿದ್ದೆ."

"ಬಾಗ್ಲು ತಟ್ಟಿ ನೋಡ್ದೆ, ಕಂಬಿ ತಟ್ಟಿ ನೋಡ್ಲಿಲ್ಲ," ಅಂತ ತನಗೆ ತಾನೇ ಅಂದುಕೊಂಡ. ಮುಖ ಗಂಟಾಯ್ತು. ಮೋಸ ಅನ್ನೋ ಮಾತು ಅವನ ಬಾಯಿಗೆ ಬಂದಿತ್ತು, ನನಗೆ ಕಾಣಿಸಿತು. ಅನ್ನಲಿ ಅಂತ ಕಾದೆ. ನನ್ನ ವಯಸ್ಸು ನೋಡಿ ನುಂಗಿಕೊಂಡ. ಶ್ರೀನಾಥ ನೆಲ ನೋಡುತ್ತಿದ್ದ.

ಆಗ ಅಡಿಗೆಮನೆ ಬಾಗಿಲಿಂದ ಮೇಘನ ಮಾತಾಡಿದಳು. ಮಾತು ಕಮ್ಮಿ ಅಂದುಕೊಂಡಿದ್ದವಳು.

"ಮಾವ, ಇವ್ರು ಹೇಳ್ದೆ ಇದ್ದಿದ್ರೆ ನಮ್ಗೆ ಗೊತ್ತಾಗ್ತಿತ್ತಾ? ಪಟ್ಟಣದಲ್ಲಿ ಅಂಗ್ಡಿ ಹತ್ರವೇ ಬಾಡಿಗೆ ಮನೆ ಮಾಡ್ಲಿ. ನಾವ್ ಅಲ್ಲೇ ಇರ್ತೀವಿ."

ಶ್ರೀನಾಥ ತಲೆ ಎತ್ತಿದ. ಅವನ ಮುಖದಲ್ಲಿ ಬಂದ ಬೆಳಕು ನನ್ನಿಂದ ಬಚ್ಚಿಡೋಕೆ ಆಗಲಿಲ್ಲ ಅವನಿಗೆ. ಅವನೂ ಇದನ್ನ ಮೊದಲೇ ಅಂದುಕೊಂಡಿದ್ದ ಅಂತ ಕಾಣ್ತದೆ. ಅವನೂ ನನಗೆ ಹೇಳಿರಲಿಲ್ಲ.

ಎಲೆ ಅಡಿಕೆ ತಗೊಂಡೆ. ಮದುವೆ ನಿಲ್ಲಲಿಲ್ಲ. ಮೊಮ್ಮಗ ಹೋಗ್ತಾನೆ.

ಮಾರ್ಚ್ 9, ಭಾನುವಾರ

ಕಂಬಿಗಳನ್ನ ಗುಜರಿಯವನು ಹೊತ್ತುಕೊಂಡು ಹೋದ. ತಾರಸಿ ಬೋಳಾಗಿದೆ. ದೂರದಿಂದ ನೋಡಿದರೆ ನಮ್ಮ ಮನೆ ಗಿಡ್ಡ ಕಾಣ್ತದೆ. ಇರೋದೇ ಅಷ್ಟು.

ಅಡಿಗೆಮನೆ ಬಿರುಕು ಗೆರೆ ದಾಟಿಲ್ಲ. ವೀಣನಿಗೆ ತೋರಿಸಿದೆ. ಯಾರು ಹೇಳಿಕೊಟ್ರು ಅಜ್ಜಿ ಅಂದಳು. ಯಾರು ಹೇಳಿಕೊಡಬೇಕು, ಕಣ್ಣಿಲ್ವಾ ಅಂದೆ. ಮಳೆಗಾಲ ಕಳೆಯೋವರೆಗೂ ನೋಡ್ತಿರು ಅಂದಳು. ಅವಳು ಹೇಳದಿದ್ದರೂ ನೋಡ್ತಿದ್ದೆ.

ಫೋಟೋಗೆ ಇನ್ನೂ ಹೂ ಹಾಕಿಲ್ಲ.

ಬಟ್ಟೆ ಹಗ್ಗ ಕಟ್ಟೋಕೆ ಜಾಗ ಇಲ್ಲ ಅಂತ ಬೆಳಿಗ್ಗೆ ಗೊಣಗಿದೆ. ವೀಣ ಡ್ರಿಲ್ ತಂದು ಮೆಟ್ಟಿಲಿನ ಗೋಡೆಗೊಂದು, ನೀರಿನ ಟ್ಯಾಂಕಿನ ಕಟ್ಟೆಗೊಂದು ಕೊಕ್ಕೆ ಕೂರಿಸಿದಳು.

"ಎಷ್ಟ್ ಒಳಕ್ಕೆ ಹೋಗದೆ?" ಅಂದೆ.

"ಒಂದ್ ಬೆರಳುದ್ದ ಅಜ್ಜಿ. ಸಾಕು. ಗಟ್ಟಿ ಅದೆ."

ಅವಳು ಕೆಳಗೆ ಇಳಿದು ಹೋಗೋವರೆಗೂ ಸುಮ್ಮನಿದ್ದೆ. ಆಮೇಲೆ ಎರಡು ಕೈಲಿ ಕೊಕ್ಕೆ ಹಿಡಿದು ಎಳೆದೆ. ಇನ್ನೊಂದನ್ನೂ ಎಳೆದೆ. ಅಲ್ಲಾಡಲಿಲ್ಲ.

ಸೀರೆ ಒಣಗಾಕಿ ಬಂದೆ.